ಎಲುಬಿನ ಕೊಳವೆ

ನನ್ನ ಬರವಣಿಗೆಯ ಮೇಜಿನ ಮೇಲೆ ಒಂದು ಹಿತ್ತಾಳೆಯ ಲೋಟವಿದೆ. ಅದರಲ್ಲಿ ಎರಡು ಲೇಖನಿಗಳೂ ಒಂದು ಸೀಸದಕಡ್ಡಿಯೂ ಕಾಗದ ಕತ್ತರಿಸುವ ಚೂರಿಯೂ ಇವೆ. ಇವುಗಳ ಜೊತೆಗೆ ನಾಲ್ಕು ಬೆರಳಗಲದಷ್ಟು ಉದ್ದವಿರುವ ಒಂದು ಕೊಳವೆಯೂ ಇದೆ. ಅದರದು ಹಳೆಯ ತುಪ್ಪದ ಬಣ್ಣ. ಒಂದು ತುದಿ ಮಾತ್ರ ಕಂದಿ ಕರಿಬೆಲ್ಲದಂತಾಗಿದೆ. ಇನ್ನೊಂದು ತುದಿ ಚಪ್ಪಟೆಯಾಗಿದೆ. ಅಲ್ಲಿ ಹಲ್ಲು ಊರಿದ ಎರಡು ಸಣ್ಣ ಗುಳಿಗಳು ಕಾಣುತ್ತವೆ.

ಮನೆಗೆ ಬಂದವರು ಇದೇನೆಂದು ಕೇಳುವುದುಂಟು. ನನ್ನ ಮೊಮ್ಮಗಳು ಕೊಳಲಿನ ತುಂಡೆಂದು ಬಗೆದು ಊದಿ ನೋಡಹೋದಳು; ಗದರಿಸಿ ಕಿತ್ತುಕೊಂಡೆ. ಹೋದ ವರ್ಷ ನಮ್ಮ ಬಂಧುಗಳಾದ ವೈದಿಕರೊಬ್ಬರು ಬಂದಿದ್ದಾಗ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿ, "ದಂತವೆ?" ಎಂದರು. "ಅಲ್ಲ, ಎಲುಬು, ಕೋಣನ ಮುಂಗಾಲಿನದು" ಎಂದೆ. ಅವರು ಮಾತಾಡದೆ ಅದನ್ನು ಲೋಟದಲ್ಲಿ ಬಿಟ್ಟು, ಹಿತ್ತಿಲಿಗೆ ಹೋಗಿ ಕೈ ತೊಳೆದುಕೊಂಡು ಬಂದರು. ನನಗೆ ಬೇಸರವಾಗಲಿಲ್ಲ. ಆ ಕೊಳವೆಯ ವಿಷಯದಲ್ಲಿ ಕೈ ತೊಳೆದುಕೊಳ್ಳಬೇಕಾದವನು ನಾನೇ. ಆದರೆ ಅವರು ಎಣಿಸಿದ ಕಾರಣಕ್ಕಾಗಿ ಅಲ್ಲ. ಆ ಕಾರಣವನ್ನು ವಾಚಕರ ಮುಂದೆ ಇಡುವುದಕ್ಕಾಗಿ ಈ ಬರಹ.

ಮೊದಲಿಗೆ ನನ್ನ ಯೋಗ್ಯತೆಯನ್ನು ಹೇಳಿಬಿಡುತ್ತೇನೆ. ನಾನು ಹೊಗೆ ಸೇದಿದವನಲ್ಲ. ಹಾಗೆಂದು ಹೊಗೆಸೊಪ್ಪಿನ ಋಣವಿಲ್ಲದವನೂ ಅಲ್ಲ. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಗುರುಗಳು ಕಠಿನವಾದ ಪಂಕ್ತಿಯೊಂದಕ್ಕೆ ಬಂದಾಗ ಎರಡು ಬೆರಳುಗಳಲ್ಲಿ ನಶ್ಯದ ಚಿಟಿಕೆ ಹಿಡಿದು ಕ್ಷಣಕಾಲ ನಿಲ್ಲುತ್ತಿದ್ದರು. ಚಿಟಿಕೆ ಮೂಗಿಗೆ ಏರಿದೊಡನೆ ಪಂಕ್ತಿಯ ಗಂಟು ಬಿಡುತ್ತಿತ್ತು. ವಿದ್ಯೆಯ ಜೊತೆಗೆ ಆ ಅಭ್ಯಾಸವೂ ಶಿಷ್ಯರಿಗೆ ಇಳಿದು ಬಂದಿತು. ಕೊಂಬಿನಿಂದ ಮಾಡಿದ ಒಂದು ನಶ್ಯದ ಡಬ್ಬಿ ನನ್ನ ಅಂಗಿಯ ಜೇಬಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಇದ್ದಿತು. ನಾನು ಉಪಾಧ್ಯಾಯನಾಗಿದ್ದುದೂ ಹೊಗೆಸೊಪ್ಪಿನ ಸೀಮೆಯಲ್ಲೇ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯನ್ನು ಬಲ್ಲವರಿಗೆ ಅಲ್ಲಿನ ಹೊಲಗಳ ನಡುವೆ ಎತ್ತರವಾಗಿ ನಿಂತ ಬ್ಯಾರನ್ನುಗಳು ತಿಳಿದೇ ಇವೆ. ಆಷಾಢ ಶ್ರಾವಣಗಳಲ್ಲಿ ಎಲೆ ಬೇಯಿಸುವ ಕೆಲಸ ಮೊದಲಾದರೆ ನಮ್ಮ ಎಂಟನೆಯ ಒಂಬತ್ತನೆಯ ತರಗತಿಗಳ ಬೆಂಚುಗಳು ಅರ್ಧ ಬರಿದಾಗುತ್ತಿದ್ದವು. ರಾತ್ರಿಯೆಲ್ಲ ಒಲೆ ಕಾದ ಹುಡುಗರು ಬೆಳಿಗ್ಗೆ ಬಂದು "ರಾಮಃ ರಾಮೌ" ಎನ್ನುತ್ತ ತೂಕಡಿಸುತ್ತಿದ್ದರು. ಅವರನ್ನು ಬೈಯುವ ಮನಸ್ಸು ನನಗೆ ಬರುತ್ತಿರಲಿಲ್ಲ.

ಆ ಶಾಲೆಯಲ್ಲಿ ನನಗಿಂತ ಐದು ವರ್ಷ ಹಿರಿಯರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಇದ್ದರು. ಅವರು ಕೊಡಗಿನ ಗಡಿಯವರು. ಅವರ ತಂದೆ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ ತೋಟದ ದೊರೆ ತೋಟವನ್ನು ಮಾರಿ ತನ್ನ ದೇಶಕ್ಕೆ ಹೊರಟಾಗ, ರೈಟರಿಗೆ ನೆನಪಿಗಾಗಿ ತನ್ನ ಪೈಪೊಂದನ್ನು ಕೊಟ್ಟುಹೋದನಂತೆ. ತಂದೆ ಅದನ್ನು ಸೇದಲಿಲ್ಲ, ಪೆಟ್ಟಿಗೆಯಲ್ಲಿಟ್ಟರು. ಮಗ ಪೆಟ್ಟಿಗೆಯಿಂದ ತೆಗೆದರು. ನಾನು ಕಂಡಂತೆ ಅದು ಅವರ ಮುಖದ ಒಂದು ಅವಯವವೇ ಆಗಿಹೋಗಿತ್ತು. ಹುಡುಗರು ಹಲಗೆಯ ಮೇಲೆ ಮೇಷ್ಟ್ರ ಚಿತ್ರ ಬರೆದರೆ ಮೊದಲು ಪೈಪನ್ನು ಬರೆದು ಆಮೇಲೆ ಮೂಗನ್ನು ಬರೆಯುತ್ತಿದ್ದರು. ಊರಿನ ಸುತ್ತ ಬೆಳೆಯುವ ಸೊಪ್ಪು ಪೈಪಿಗೆ ಒದಗದೆಂದು ಬೆಂಗಳೂರಿನಿಂದ ಡಬ್ಬಿಯಲ್ಲಿ ತರಿಸಿಕೊಳ್ಳುತ್ತಿದ್ದರು. ೨೦೦೮ರ ಅಕ್ಟೋಬರ್ ೨ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಸೇದಬಾರದೆಂಬ ನಿಯಮ ಜಾರಿಗೆ ಬಂದ ಮೇಲೆ ಅವರು ಬಿಡುವಿನ ವೇಳೆಗೆ ಆವರಣದ ಗೋಡೆಯನ್ನು ದಾಟಿ ಹೊಲದ ಹೊಂಗೆಯ ಮರದ ಕೆಳಗೆ ನಿಲ್ಲುವರು. ಮಾತಿನ ಆಸೆಗೆ ನಾನೂ ಡಬ್ಬಿ ಹಿಡಿದು ಜೊತೆಗೆ ನಿಲ್ಲುವೆನು. ಅವರಷ್ಟು ಸೊಗಸಾಗಿ ಮಾತಾಡುವವರನ್ನು, ಅಷ್ಟು ತುಂಬಿದ ಕಂಠವುಳ್ಳವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಪೈಪಿನ ರಚನೆ ತಿಳಿಯದವರಿಗಾಗಿ ಎರಡು ಮಾತು. ಅದರಲ್ಲಿ ಸೊಪ್ಪನ್ನು ತುಂಬುವ ಬಟ್ಟಲು ಒಂದು, ಬಾಯಿಗೆ ಇಟ್ಟುಕೊಳ್ಳುವ ಕೊಳವೆ ಒಂದು. ಒಳ್ಳೆಯ ಪೈಪಿನ ಬಟ್ಟಲನ್ನು ಮಧ್ಯಧರಣಿ ಸಮುದ್ರದ ತೀರಗಳಲ್ಲಿ ಬೆಳೆಯುವ ಬ್ರಯರ್ ಎಂಬ ಪೊದೆಯ ಬೇರುಗಂಟಿನಿಂದ ಕಡೆಯುತ್ತಾರೆ. ಅದು ಬೇಗನೆ ಸುಡದು. ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿರುವ ಸ್ಯಾಂ ಕ್ಲೋದ್ ಎಂಬ ಊರು ಈ ಕೆಲಸಕ್ಕೆ ಹೆಸರಾದುದು. ಕೊಳವೆ ಬಹುಮಟ್ಟಿಗೆ ಎಬೊನೈಟಿನದು. ರಬ್ಬರಿಗೆ ಗಂಧಕ ಸೇರಿಸಿ ಕಾಸುವ ವಿದ್ಯೆಗೆ ಚಾರ್ಲ್ಸ್ ಗುಡ್‌ಇಯರ್ ಎಂಬಾತ ೧೮೪೪ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದನು. ಗಂಧಕ ಹೆಚ್ಚಾದರೆ ರಬ್ಬರು ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದೇ ಎಬೊನೈಟು. ಹಲ್ಲಿಗೆ ಹಿತ; ಕಾಸಿದರೆ ಬಾಗುತ್ತದೆ. ಆದರೆ ಬಿಸಿಲಿಗೂ ಎಂಜಲಿಗೂ ಅದರ ಕಪ್ಪು ಮಾಸಿ ಪಾಚಿಯ ಬಣ್ಣವಾಗುವುದು. ಗಂಧಕದ ವಾಸನೆ ಬಾಯಿಗೆ ಬರುವುದು. ಬಹುಕಾಲ ಕಚ್ಚಿದರೆ ತೂತು ಬೀಳುವುದು.

ಮೇಷ್ಟ್ರ ಪೈಪಿಗೆ ಇವೆಲ್ಲವೂ ಆಗಿ, ೨೦೦೯ರ ಆಷಾಢದಲ್ಲಿ ಒಂದು ದಿನ ಅದರ ಕೊಳವೆ ಹಲ್ಲುಗಳ ನಡುವೆಯೇ ಎರಡು ತುಂಡಾಯಿತು. "ಶಾಸ್ತ್ರಿಗಳೆ, ಮೂವತ್ತು ವರ್ಷದ ಸಂಬಂಧ ಇವತ್ತಿಗೆ ಮುಗಿಯಿತು ನೋಡಿ" ಎಂದು ತುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಮೈಸೂರಿನ ಅಂಗಡಿಗಳಲ್ಲಿ ವಿಚಾರಿಸಿದುದಾಯಿತು. ಆ ಅಳತೆಯದು ಸಿಕ್ಕಲಿಲ್ಲ. ಬೀಡಿ ಸಿಗರೇಟುಗಳನ್ನು ಅವರು ಮುಟ್ಟುವವರಲ್ಲ. ಹೀಗಾಗಿ, ಬೇಕೆಂದು ಬಿಡದಿದ್ದರೂ ಹೊಗೆ ತಾನಾಗಿ ನಿಂತಿತು.

ಮೂರು ವಾರ ಕಳೆದವು. ಒಂದು ಶುಕ್ರವಾರ ಅವರ ಮನೆಯಾಕೆ ಅರಿಶಿನ ಕುಂಕುಮಕ್ಕೆಂದು ನಮ್ಮ ಮನೆಗೆ ಬಂದಿದ್ದವರು ನನ್ನ ಮನೆಯಾಕೆಯ ಸಂಗಡ ಹೇಳಿದ ಮಾತು ನಡುಮನೆಯಲ್ಲಿದ್ದ ನನಗೆ ಕೇಳಿಸಿತು: "ರಾತ್ರಿ ಕೆಮ್ಮು ನಿಂತಿದೆ ಕಣಮ್ಮ. ಮದುವೆಯಾದ ಮೇಲೆ ಇಷ್ಟು ದಿನ ಒಂದೇ ಸಮನೆ ನಾನು ನಿದ್ದೆ ಮಾಡಿದ್ದು ಇದೇ ಮೊದಲು." ಈ ಮಾತನ್ನು ನಾನು ಕೇಳಿದೆನೆಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಕೇಳಲಿಲ್ಲವೆಂದು ನುಣುಚಿಕೊಳ್ಳಲು ನನಗೆ ದಾರಿಯಿಲ್ಲ.

ಮೇಷ್ಟ್ರ ಕೈ ಮಾತ್ರ ಸುಮ್ಮನಿರಲಿಲ್ಲ. ಪರಂಗಿ ಎಲೆಯ ದಂಟನ್ನು ಕೊಳವೆಯ ಬದಲಿಗೆ ಸಿಕ್ಕಿಸಿ ನೋಡಿದರು. ಅದು ಅರ್ಧ ಗಳಿಗೆಯಲ್ಲಿ ಬಾಡಿ ಬಾಯಿಗೆ ಕಹಿಯನ್ನು ಇಳಿಸಿತು. ಬಿದಿರಿನ ಕಡ್ಡಿ ಬಿಸಿಗೆ ಸೀಳಿತು. ಬಾಲ್‌ಪೆನ್ನಿನ ಕೊಳವೆಯ ಗತಿಯನ್ನು ಹೇಳದಿರುವುದೇ ಲೇಸು. ಅದು ಕರಗಿ, ಇಡೀ ಬೀದಿಗೆ ನಾತ ಬಡಿಯಿತು. ಇನ್ನೆರಡು ತಿಂಗಳು ಹೀಗೆಯೇ ನಡೆದಿದ್ದರೆ ಆ ಆಟವೂ ಬೇಸರವಾಗಿ ಪೈಪು ಮರಳಿ ಪೆಟ್ಟಿಗೆಯನ್ನು ಸೇರುತ್ತಿತ್ತೆಂದು ನನ್ನ ನಂಬಿಕೆ. ಆಗ ನಾನು ನಡುವೆ ಬಂದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಯುರ್ವೇದ ಕಾಲೇಜನ್ನು ಸೇರಿದ್ದ. ಅವನು ರಜಕ್ಕೆ ಬಂದಾಗ ಚರಕಸಂಹಿತೆಯ ಪುಸ್ತಕ ಹಿಡಿದು ಬಂದು, "ಸಾರ್, ಇಲ್ಲಿ ಧೂಮನೇತ್ರ ಎಂದಿದೆ. ನೇತ್ರವೆಂದರೆ ಕಣ್ಣಲ್ಲವೆ? ಹೊಗೆಗೆ ಕಣ್ಣೆಲ್ಲಿ ಬಂತು?" ಎಂದು ಕೇಳಿದ. ನೇತ್ರವೆಂದರೆ ಇಲ್ಲಿ ಕಣ್ಣಲ್ಲ, ಒಯ್ಯುವಂಥದು, ಎಂದರೆ ಕೊಳವೆ ಎಂದು ಧಾತುವಿನಿಂದ ಬಿಡಿಸಿ ಹೇಳಿದೆ. ಹುಡುಗ ಸಂತೋಷಪಟ್ಟು ಹೋದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಏಕೆಂದರೆ ಅಲ್ಲಿ ವರ್ಣಿತವಾಗಿದ್ದುದು ನಮ್ಮ ಮೇಷ್ಟ್ರ ಪೈಪಿನ ಕೊಳವೆಯೇ! ಚರಕರು ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಔಷಧದ ಹೊಗೆಯನ್ನು ಸೇದುವ ಕ್ರಮವನ್ನು ಹೇಳುತ್ತಾರೆ. ಚಂದನ, ಗುಗ್ಗುಲು ಮೊದಲಾದವುಗಳನ್ನು ಅರೆದು ಜೊಂಡಿನ ಕಡ್ಡಿಗೆ ಮೆತ್ತಿ, ಹೆಬ್ಬೆರಳ ಗಾತ್ರಕ್ಕೆ ಎಂಟು ಅಂಗುಲದ ಬತ್ತಿ ಮಾಡಿ, ಒಣಗಿದ ಮೇಲೆ ಕಡ್ಡಿಯನ್ನು ಎಳೆದುಬಿಟ್ಟು, ತುಪ್ಪ ಸವರಿ ನೇತ್ರಕ್ಕೆ ಸಿಕ್ಕಿಸಿ ಹೊತ್ತಿಸಬೇಕು. ನೇತ್ರವು ನೆಟ್ಟಗಿರಬೇಕು; ಅದಕ್ಕೆ ಮೂರು ಗೆಣ್ಣುಗಳಿರಬೇಕು; ತುದಿಯ ರಂಧ್ರ ಬೋರೆಯ ಬೀಜದಷ್ಟಿರಬೇಕು. ಅದನ್ನು ಯಾವುದರಿಂದ ಮಾಡಬೇಕು? ಬಸ್ತಿಯ ಕೊಳವೆಯನ್ನು ಯಾವುದರಿಂದ ಮಾಡುವರೋ ಅದರಿಂದ, ಎಂದಷ್ಟೇ ಹೇಳಿ ಆಚಾರ್ಯರು ಮುಂದೆ ಹೋಗುತ್ತಾರೆ. ಬಸ್ತಿಯ ಕೊಳವೆಯ ಮಾತು ಇರುವುದು ಸಿದ್ಧಿಸ್ಥಾನದ ಮೂರನೆಯ ಅಧ್ಯಾಯದಲ್ಲಿ. ಸರಿ, ಅಟ್ಟದಿಂದ ಆ ಸಂಪುಟವನ್ನು ಇಳಿಸಿ ದೀಪದ ಕೆಳಗೆ ಹಿಡಿದೆ. ಚಿನ್ನ, ಬೆಳ್ಳಿ, ತವರ, ತಾಮ್ರ, ಹಿತ್ತಾಳೆ, ಕಂಚು, ಎಲುಬು, ಕಬ್ಬಿಣ, ಮರ, ಬಿದಿರು, ದಂತ, ಜೊಂಡು, ಕೊಂಬು, ಮಣಿ ಎಂದು ಪಟ್ಟಿ ಸಾಗುತ್ತದೆ. ಎರಡು ಸ್ಥಾನಗಳ ಎರಡು ವಾಕ್ಯಗಳನ್ನು ಗಂಟು ಹಾಕಿ ಒಂದು ಅರ್ಥವನ್ನು ಎತ್ತಿದಾಗ ಪಂಡಿತನಿಗೆ ಆಗುವ ಹಿಗ್ಗನ್ನು ಆ ಸುಖವನ್ನು ಉಂಡವರೇ ಬಲ್ಲರು. ಬೆಳಗಾಗುವುದನ್ನೇ ಕಾದಿದ್ದು ಮೇಷ್ಟ್ರ ಮನೆಗೆ ನಡೆದೆ.

ಆ ಸಂಜೆಯ ಗೋಷ್ಠಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೇಷ್ಟ್ರು ಪಟ್ಟಿಯಲ್ಲಿ ಬರುವ ಒಂದೊಂದು ದ್ರವ್ಯಕ್ಕೂ ತಮಗೆ ತಿಳಿದುದನ್ನು ಸೇರಿಸುತ್ತ ಹೋದರು. ಮಣಿಯ ಮಾತು ಬಂದಾಗ ತುರುಕರ ಉದ್ದನೆಯ ಪೈಪುಗಳನ್ನು ವರ್ಣಿಸಿದರು: ಚೆರಿಯ ಮರದ, ಮಲ್ಲಿಗೆಯ ಕಾಂಡದ ಕೊಳವೆಗಳು, ಅವುಗಳ ತುದಿಗೆ ಬಾಯಿಗಿಡಲು ಅಂಬರಿನ ಗುಂಡು. ನಮ್ಮವರು ತೃಣಮಣಿ ಎಂದದ್ದು ಇದನ್ನೇ. ಉಜ್ಜಿದರೆ ಹುಲ್ಲೆಳೆಯನ್ನು ಎಳೆಯುತ್ತದೆ. ಎಲುಬಿನ ಮಾತಿಗೆ ಅವರು ದಕ್ಷಿಣ ಸಮುದ್ರದ ನಾವಿಕರನ್ನು ಕರೆತಂದರು. ಆಲ್ಬಟ್ರಾಸ್ ಎಂಬ ಭಾರಿ ಕಡಲಹಕ್ಕಿಯ ರೆಕ್ಕೆಯ ಎಲುಬು ನೀಳವಾಗಿ, ಹಗುರವಾಗಿ, ಹುಟ್ಟಿನಿಂದಲೇ ಟೊಳ್ಳಾಗಿರುವುದರಿಂದ ಅದನ್ನೇ ಪೈಪಿನ ಕೊಳವೆಯಾಗಿ ಬಳಸುತ್ತಿದ್ದರಂತೆ. ಯೂರೋಪಿನಲ್ಲಿಯೂ ಕಳೆದ ಹಿಂದಿನ ಶತಮಾನದಲ್ಲಿ ಎಲುಬಿನ ಕೊಳವೆಗಳಿದ್ದವು. ಅಂಬರಿನ ಬಾಯಿಯನ್ನು ಬಟ್ಟಲಿಗೆ ಕೂಡಿಸುವ ಸಣ್ಣ ತಿರುಪನ್ನಂತೂ ಎಲುಬಿನಿಂದಲೇ ಮಾಡುತ್ತಿದ್ದರು. ಬಡವರ ಪೈಪು ಜೇಡಿಮಣ್ಣಿನದು, ಕೊಳವೆಯೂ ಮಣ್ಣಿನದೇ, ಮುರಿದರೆ ಬಿಸಾಡುವುದು. ಹಾಗೆ ಬಿಸಾಡಿದ ಮಣ್ಣಿನ ಕೊಳವೆಗಳ ರಂಧ್ರ ಕಾಲ ಕಳೆದಂತೆ ಕಿರಿದಾಗುತ್ತ ಬಂದುದನ್ನು ಹ್ಯಾರಿಂಗ್ಟನ್ ಎಂಬ ಅಮೆರಿಕದ ಪ್ರಾಕ್ತನಶಾಸ್ತ್ರಜ್ಞರು ೧೯೫೪ರಲ್ಲಿ ತೋರಿಸಿಕೊಟ್ಟರು. ೧೬೦೦ರ ಸುಮಾರಿನಲ್ಲಿ ಇಂಚಿನ ೬೪ರಲ್ಲಿ ೯ ಪಾಲಿದ್ದುದು ೧೭೫೦ರ ಬಳಿಕ ೪ ಪಾಲಿಗೆ ಇಳಿದಿತ್ತು. ಅಗೆದ ನೆಲದ ಕಾಲವನ್ನು ಅದರಿಂದಲೇ ಎಣಿಸಬಹುದು.

ನಾನು ವಿಜಾಪುರದ ಕಥೆಯನ್ನು ಎತ್ತಿದೆ. ಹೊಗೆಸೊಪ್ಪು ಚರಕರು ಕಂಡ ಗಿಡವಲ್ಲ. ಅದು ಅಮೆರಿಕ ಖಂಡದ್ದು, ಪೋರ್ತುಗೀಸರ ಹಡಗಿನಲ್ಲಿ ಬಂದುದು. ಅಕಬರನ ಆಸ್ಥಾನಕ್ಕೆ ಅದು ಹೋದುದು ನಮ್ಮ ವಿಜಾಪುರದಿಂದ. ಆದಿಲಶಾಹನಲ್ಲಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗನು ಇಲ್ಲಿ ಈ ಹೊಸ ಪದಾರ್ಥವನ್ನು ಕಂಡು ಬೆರಗಾಗಿ, ೧೬೦೪ರ ಸುಮಾರಿಗೆ ಹಿಂದಿರುಗುವಾಗ ಒಂದು ಸಿಂಗರಿಸಿದ ಧೂಮನಳಿಕೆಯನ್ನು ಸಿದ್ಧಮಾಡಿಸಿದನು. ಮೂರು ಮೊಳದ ಕೊಳವೆ ಸುಮಾತ್ರದ್ವೀಪದ ಆಚೆಯಿಂದ ಬಂದುದು. ಅದರ ಎರಡು ತುದಿಗಳಿಗೂ ರತ್ನಗಳ ಕೆಲಸ. ಬಾಯಿಗೆ ಯೆಮೆನ್ ದೇಶದ ಕೆಂಪು ಅಕೀಕು ಕಲ್ಲು. ಬಾದಶಹನು ಎರಡು ಮೂರು ಸಲ ಸೇದುವಷ್ಟರಲ್ಲಿ ಆಸ್ಥಾನದ ವೈದ್ಯನು ತಡೆದು, ಇದು ಪರೀಕ್ಷೆಯಾಗದ ವಸ್ತುವೆಂದನು. ಅಸದ್ ಬೇಗನು ವಾದಿಸಿದನು. ನಮ್ಮ ಗ್ರಂಥಗಳಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ತಳ್ಳಬಾರದೆಂಬ ಅಭಿಪ್ರಾಯವು ಬಾದಶಹನಿಗೂ ಒಪ್ಪಿಗೆಯಾಯಿತು. ಆದರೂ ಅವನು ಮುಂದೆ ಸೇದಲಿಲ್ಲ, ಸರದಾರರು ಸೇದಿದರು. ೧೬೧೭ರಲ್ಲಿ ಅವನ ಮಗ ಜಹಾಂಗೀರನು ಹೊಗೆ ಸೇದುವುದನ್ನೇ ನಿಷೇಧಿಸಬೇಕಾಯಿತು. "ನೋಡಿ ಮೇಷ್ಟ್ರೆ, ಅವರಿಗೆ ಗ್ರಂಥದ ಆಧಾರವಿರಲಿಲ್ಲ, ನಮಗಿದೆ" ಎಂದು ನಾನು ನಕ್ಕೆ. ಮೇಷ್ಟ್ರು, "ಹಾಗಾದರೆ ಶಾಸ್ತ್ರದ ಅಪ್ಪಣೆಯಾಯಿತು" ಎಂದರು. ಒಳಗಿನಿಂದ ಕಾಫಿ ತಂದ ಆ ತಾಯಿ ಲೋಟಗಳನ್ನು ಇಟ್ಟು ಏನೂ ಹೇಳದೆ ಹೋದರು.

ಯಾವ ದ್ರವ್ಯವೆಂಬ ಪ್ರಶ್ನೆ ಉಳಿಯಿತು. ಚಿನ್ನ ಬೆಳ್ಳಿ ನಮಗಲ್ಲ, ಮೇಲಾಗಿ ಲೋಹ ತುಟಿಯನ್ನು ಸುಡುತ್ತದೆ. ದಂತವನ್ನೂ ಜಿಂಕೆಯ ಕೊಂಬನ್ನೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದೂರವಿರಿಸಿದೆ. ಅದು ಸರಿಯೂ ಹೌದು. ಕೋಣನ ಕೊಂಬು ಒದಗೀತು. ಅದು ಉಗುರು ಕೂದಲುಗಳ ಜಾತಿಯದು, ಬಿಸಿಗೆ ಮೆತ್ತಗಾಗಿ ಬಾಗುತ್ತದೆ. ಆದರೆ ಕಾಲಾಂತರದಲ್ಲಿ ಪದರು ಬಿಡುವುದೆಂದು ಕೆಲಸಗಾರ ಹೇಳಿದ. ಕೊನೆಗೆ ಎಲುಬೇ ಎಂದು ನಿಶ್ಚಯವಾಯಿತು. ನನ್ನ ಮನೆಯಾಕೆ, "ಎಲುಬನ್ನು ಬಾಯಿಗೆ ಇಡುವುದೆ!" ಎಂದಳು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಶಂಖ, ಕೊಂಬು, ಎಲುಬು, ದಂತ ಇವುಗಳಿಂದಾದ ವಸ್ತುಗಳನ್ನು ಶುದ್ಧಿಮಾಡುವ ವಿಧಿಯನ್ನು ಮನುವು ಐದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ: ಬಿಳಿಯ ಸಾಸಿವೆಯ ಕಲ್ಕ, ಇಲ್ಲವೆ ಗೋಮೂತ್ರ, ನೀರು. ಎಲುಬಿನ ಸಾಮಾನು ಮನೆಗಳಲ್ಲಿ ಇದ್ದುದರಿಂದಲೇ ಅಲ್ಲವೆ ಶುದ್ಧಿಯ ಮಾತು ಬಂದುದು? ಆಕೆ ಕೇಳಿ, "ನಿಮ್ಮ ಶಾಸ್ತ್ರ ನಿಮಗಿರಲಿ. ಮುರಿದದ್ದು ಮುರಿದ ಹಾಗೆ ಇರಬಾರದೆ?" ಎಂದಳು. ಆ ಮಾತಿಗೆ ನಾನು ಪ್ರಮಾಣವನ್ನು ಹುಡುಕಲಿಲ್ಲ. ಅದು ಪ್ರಶ್ನೆಯೆಂದೇ ನನಗೆ ತೋರಲಿಲ್ಲ.

ಊರಿನಲ್ಲಿ ಮಂಚದ ಕಾಲು, ಬುಗುರಿ, ಲಟ್ಟಣಿಗೆಗಳನ್ನು ಕಡೆಯುವ ಮುದುಕನೊಬ್ಬನಿದ್ದ. ಅವನ ತಾತ ಪಗಡೆಯ ದಾಳಗಳನ್ನು ಎಲುಬಿನಲ್ಲಿ ಮಾಡುತ್ತಿದ್ದನಂತೆ. ಅವನೇ ಎಲುಬನ್ನು ತಂದ. ಎರಡು ಗಂಟುಗಳನ್ನೂ ಗರಗಸದಿಂದ ಕೊಯ್ದು, ಮಜ್ಜೆಯನ್ನು ಕಡ್ಡಿಯಿಂದ ನೂಕಿ, ಸೋಡ ಹಾಕಿದ ನೀರಿನಲ್ಲಿ ಹದಿನೈದು ದಿನ ನೆನೆಹಾಕಿ, ದಿನಬಿಟ್ಟು ದಿನ ನೀರು ಬದಲಿಸಿದ. ಕೊತಕೊತ ಕುದಿಸಿದರೆ ಎಲುಬು ಸೀಮೆಸುಣ್ಣದಂತೆ ಪುಡಿಯಾಗುವುದು; ಜಿಡ್ಡು ಉಳಿದರೆ ಹಳದಿಗಟ್ಟಿ ನಾರುವುದು; ಬಿಸಿಲಿಗಿಟ್ಟರೆ ಸೀಳುವುದು. ನೆರಳಿನಲ್ಲಿ ಒಣಗಿಸಿ ಎಲುಬಿನ ದಪ್ಪ ಗೋಡೆಯಿಂದ ಒಂದು ಪಟ್ಟಿಯನ್ನು ಸೀಳಿ ತೆಗೆದ. ಮಜ್ಜೆಯ ಹಾದಿ ತೀರ ಅಗಲವಾದುದರಿಂದ ಅದನ್ನೇ ರಂಧ್ರವಾಗಿ ಇಟ್ಟುಕೊಳ್ಳಲಾಗದು. ಪಟ್ಟಿಯನ್ನು ದುಂಡಗೆ ಕಡೆದು, ಎರಡು ತುದಿಗಳಿಂದಲೂ ಬೈರಿಗೆ ಹಿಡಿದು, ನಡುವೆ ಎರಡು ದಾರಿಗಳೂ ಕೂಡುವಂತೆ ಹೆಸರುಕಾಳು ಉರುಳಿ ಹೋಗುವಷ್ಟು ರಂಧ್ರ ಕೊರೆದ. ಕೊರೆಯುವಾಗ ಲಾಳ ಹೊಡೆಯುವಲ್ಲಿ ಗೊರಸು ಸುಟ್ಟ ವಾಸನೆ ಬರುವುದಲ್ಲವೆ, ಅಂಥ ವಾಸನೆ ಎದ್ದಿತು; ಧೂಳು ಒಳಗೆ ಹೋಗಬಾರದೆಂದು ಅವನು ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡಿದ್ದ, ನಮಗೂ ಕಟ್ಟಿಸಿದ. ಕೊನೆಯ ಹೊಳಪಿಗೆ ಸೀಮೆಸುಣ್ಣದ ಪುಡ ಬೇಕೆಂದಾಗ ಶಾಲೆಯ ಪೆಟ್ಟಿಗೆಯಿಂದ ನಾನೇ ಎರಡು ಬಳಪ ತಂದುಕೊಟ್ಟೆ. ಬಿಳಿಯ ಸಾಸಿವೆಯನ್ನು ಅರೆಸಿಕೊಂಡು ಹೋಗಿ ಕೊಳವೆಯನ್ನು ತೊಳೆದವನೂ ನಾನೇ. ಅದು ಆಗ ಮೊಲ್ಲೆಯ ಮೊಗ್ಗಿನಂತೆ ಬೆಳ್ಳಗಿದ್ದಿತು.

ಹೊಂಗೆಯ ಕೆಳಗೆ ಮೊದಲ ಸಲ ಸೇದಿ ಮೇಷ್ಟ್ರು ಕಣ್ಣು ಮುಚ್ಚಿದರು. "ಎಬೊನೈಟಿಗಿಂತ ಹಲ್ಲಿಗೆ ಗಡುಸು, ಆದರೆ ವಾಸನೆಯಿಲ್ಲ, ಹೊಗೆ ತಣ್ಣಗಿದೆ. ಚರಕರಿಗೆ ನನ್ನ ನಮಸ್ಕಾರ ತಿಳಿಸಿ" ಎಂದು ಎರಡು ಮೂಗಿನಿಂದಲೂ ಹೊಗೆ ಬಿಟ್ಟರು. ಮೂರು ವಾರದ ಮೌನವನ್ನು ಮುರಿದ ಆ ಹೊಗೆಯನ್ನು ನಾನು ಯಜ್ಞದ ಹೊಗೆಯನ್ನು ನೋಡುವಂತೆ ನೋಡುತ್ತ ನಿಂತೆ.

ಆರು ವರ್ಷ ಕೊಳವೆ ತನ್ನ ಕೆಲಸ ಮಾಡಿತು. ಎಲುಬಿನ ಸೂಕ್ಷ್ಮರಂಧ್ರಗಳಿಗೆ ಹೊಗೆಯ ರಸ ಇಳಿದು ಬಿಳುಪು ಕೆನೆಯಾಯಿತು, ಕೆನೆ ತುಪ್ಪವಾಯಿತು. ಬಣ್ಣ ಏರಿದಂತೆಲ್ಲ ನಾವಿಬ್ಬರೂ ಮೆಚ್ಚಿಕೊಂಡೆವು. ಅದೇ ರಸ ಬೇರೊಂದು ಕೊಳವೆಯಲ್ಲಿಯೂ ಇಳಿಯುತ್ತಿದೆಯೆಂದು ನಮಗೆ ಹೊಳೆಯಲಿಲ್ಲ. ೨೦೧೩ರಲ್ಲಿ ಮೇಷ್ಟ್ರು ನಿವೃತ್ತರಾದರು. ೨೦೧೫ರ ಚಳಿಗಾಲದಲ್ಲಿ ಅವರ ಕಂಠ ಒಡೆಯಿತು. ನೆಗಡಿಯೆಂದು ಶುಂಠಿ ಕಷಾಯ ಕುಡಿದರು. ಎರಡು ತಿಂಗಳಾದರೂ ಸರಿಹೋಗಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿ ಧ್ವನಿಪೆಟ್ಟಿಗೆಯಲ್ಲಿ ಅರ್ಬುದವೆಂದರು, ಅದನ್ನು ಪೂರ್ತಿಯಾಗಿ ತೆಗೆಯದೆ ಗತಿಯಿಲ್ಲವೆಂದರು, ತೆಗೆದರು.

ನಾನು ನೋಡಲು ಹೋದಾಗ ಅವರು ಹಾಸಿಗೆಯಲ್ಲಿ ಕುಳಿತಿದ್ದರು. ಕೊರಳಿನ ಕೆಳಗೆ ಉಸಿರಿಗಾಗಿ ಮಾಡಿದ ರಂಧ್ರ. ಅದರೊಳಗೆ ಒಂದು ಸಣ್ಣ ಕೊಳವೆ. ಮಡಿಲಲ್ಲಿ ಮಗುವಿನ ಸ್ಲೇಟು. ನನ್ನನ್ನು ಕಂಡು ನಕ್ಕರು; ನಗೆಯ ಸದ್ದಿಲ್ಲ, ಕೊಳವೆಯಲ್ಲಿ ಗಾಳಿ ಹಾಯ್ದ ಸದ್ದು ಮಾತ್ರ. ಬಳಪ ಹಿಡಿದು ತಮ್ಮ ಚಿತ್ರಗಾರನ ಅಂದದ ಅಕ್ಷರಗಳಲ್ಲಿ, "ಶಾಸ್ತ್ರಿಗಳೆ, ಇದು ನಿಮ್ಮ ಪಟ್ಟಿಯಲ್ಲಿ ಯಾವ ದ್ರವ್ಯ?" ಎಂದು ಬರೆದು, ಕೊರಳನ್ನು ತೋರಿಸಿದರು. ನನ್ನನ್ನು ಹಗುರ ಮಾಡಲೆಂದೇ ಬರೆದರೆಂದು ಬಲ್ಲೆ. ನನಗೆ ಬಾಯಿ ಬರಲಿಲ್ಲ. ಆ ಕೋಣೆಯಲ್ಲಿ ಮಾತಾಡಬಲ್ಲವನು ನಾನು ಸುಮ್ಮನಿದ್ದೆ. ಮಾತು ಕಳೆದುಕೊಂಡವರು ಬರೆಯುತ್ತಲೇ ಇದ್ದರು.

ಹೊರಗೆ ಬಂದು ವೈದ್ಯರನ್ನು ಕೇಳಿದೆ: "ಇವರು ಆರು ವರ್ಷದ ಹಿಂದೆಯೇ ಬಿಟ್ಟಿದ್ದರೆ ಇದು ಬರುತ್ತಿರಲಿಲ್ಲವೆ?" ವೈದ್ಯರು ಸಜ್ಜನರು. "ಒಬ್ಬರ ವಿಷಯದಲ್ಲಿ ಹಾಗೆ ಹೇಳಲಾಗದು, ಅದಕ್ಕೆ ಮುಂಚಿನ ಮೂವತ್ತು ವರ್ಷವೂ ಇದೆಯಲ್ಲ. ಆದರೆ ಬಿಟ್ಟಷ್ಟು ವರ್ಷವೂ ಅಪಾಯ ಇಳಿಯುತ್ತ ಹೋಗುತ್ತದೆ, ಅದು ನಿಜ" ಎಂದರು. ಕೊಳವೆ ಯಾವುದಾದರೇನು, ಹೊಗೆಸೊಪ್ಪಿನ ಹೊಗೆಗೆ ನಿರಪಾಯವಾದ ಅಳತೆಯೆಂಬುದೇ ಇಲ್ಲವೆಂದೂ ಹೇಳಿದರು.

ಊರಿಗೆ ಬಂದವನೇ ಆ ಸೂತ್ರಸ್ಥಾನವನ್ನು ತೆಗೆದೆ. ಈ ಸಲ ನೇತ್ರದ ಶ್ಲೋಕದಿಂದ ಮುಂದಕ್ಕೆ ಹಾರದೆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಹೊಗೆ ಸೇದಲು ದಿನದಲ್ಲಿ ಎಂಟು ಸಮಯಗಳನ್ನು ಹೇಳಿ, ಬುದ್ಧಿವಂತನು ನಿತ್ಯದ ಧೂಮವನ್ನು ಎರಡು ಸಲಕ್ಕೆ ಮೀರಿ ಸೇದಬಾರದೆಂದಿದೆ. ಮೇಷ್ಟ್ರು ಹನ್ನೆರಡು ಸಲ ಸೇದುತ್ತಿದ್ದರು. ಬಾಯಿಂದ ಎಳೆದ ಹೊಗೆಯನ್ನು ಮೂಗಿನಿಂದ ಬಿಡಬಾರದು, ಕಣ್ಣಿಗೆ ಕೇಡೆಂದಿದೆ. ಕಾಲವಲ್ಲದ ಕಾಲದಲ್ಲಿ, ಅತಿಯಾಗಿ ಸೇದಿದ ಹೊಗೆಯ ಫಲವೇನೆಂದರೆ ಕಿವುಡು, ಕುರುಡು, ಮೂಕತನ, ರಕ್ತಪಿತ್ತ, ತಲೆಸುತ್ತು. ಮೂಕತನವೆಂಬ ಪದದ ಮೇಲೆ ನನ್ನ ಬೆರಳು ನಿಂತಿತು. ನೇತ್ರದ ಶ್ಲೋಕಕ್ಕಿಂತ ಹತ್ತು ಹನ್ನೆರಡು ಶ್ಲೋಕಗಳ ಹಿಂದೆಯೇ ಅದಿದ್ದಿತು.

ನೇತ್ರದ ಮಾತನ್ನಾದರೂ ನಾನು ಪೂರ್ತಿ ಓದಿದ್ದೆನೆ? ಅದರ ಉದ್ದವನ್ನು ಅಲ್ಲಿ ಹೇಳಿದೆ: ಬೇರೆ ಬೇರೆ ಧೂಮಗಳಿಗೆ ಇಪ್ಪತ್ತನಾಲ್ಕು, ಮೂವತ್ತೆರಡು ಅಂಗುಲ, ನಿತ್ಯದ ಧೂಮಕ್ಕೆ ಮೂವತ್ತಾರು. ಅಂಗುಲವೆಂದರೆ ಇಂಚಲ್ಲ, ಸೇದುವವನ ಬೆರಳಗಲ. ಏಕೆ ಅಷ್ಟುದ್ದ? ದೂರದಿಂದ ಬಂದು, ಗೆಣ್ಣುಗಳಲ್ಲಿ ಕಡಿದು, ನಾಳದಲ್ಲಿ ತೆಳುವಾದ ಹೊಗೆಯು ಮಾತ್ರೆಯನ್ನೂ ಕಾಲವನ್ನೂ ಅರಿತು ಸೇವಿಸಿದರೆ ಇಂದ್ರಿಯಗಳನ್ನು ಬಾಧಿಸದೆಂದು. ಆಚಾರ್ಯರಿಗೆ ಮುಖ್ಯವಾಗಿದ್ದುದು ಎಲುಬೋ ಚಿನ್ನವೋ ಎಂಬುದಲ್ಲ. ಹೊಗೆಗೂ ಮನುಷ್ಯನಿಗೂ ನಡುವೆ ಇರಬೇಕಾದ ದೂರ. ನಾನು ದ್ರವ್ಯವನ್ನು ಹಿಡಿದೆ, ಮಾತ್ರೆಯನ್ನು ಬಿಟ್ಟೆ. ಮೂವತ್ತಾರು ಬೆರಳಿನ ಕಡೆ ನಾಲ್ಕು ಬೆರಳಿನದನ್ನು ಮಾಡಿಸಿ, ಚಂದನದ ಬತ್ತಿಗೆ ಹೇಳಿದುದನ್ನು ಹೊಗೆಸೊಪ್ಪಿಗೆ ಹೊಂದಿಸಿ, ಶಾಸ್ತ್ರದ ಅಪ್ಪಣೆಯೆಂದು ನಕ್ಕೆ. ಆ ಅಧ್ಯಾಯದ ಹೆಸರೇ ಮಾತ್ರಾಶಿತೀಯ. ಅಳತೆಯನ್ನು ಕುರಿತ ಅಧ್ಯಾಯವೆಂದು ಅದರ ಹಣೆಯ ಮೇಲೆಯೇ ಬರೆದಿದೆ. ನಲವತ್ತು ವರ್ಷ ಮಕ್ಕಳಿಗೆ ಸಂದರ್ಭವನ್ನು ನೋಡಿ ಅರ್ಥ ಹೇಳಿರೆಂದು ಬೋಧಿಸಿದವನು ನಾನು.

ಮೇಷ್ಟ್ರು ೨೦೧೭ರಲ್ಲಿ ತೀರಿಕೊಂಡರು. ಹದಿಮೂರನೆಯ ದಿನದ ಊಟವಾದ ಮೇಲೆ ಅವರ ಮನೆಯಾಕೆ ಒಂದು ಕಾಗದದ ಪೊಟ್ಟಣವನ್ನು ತಂದು ನನ್ನ ಮುಂದಿಟ್ಟರು. "ಪೈಪನ್ನು ಅವರ ಜೊತೆಗೇ ಕಳಿಸಿದೆವು. ಇದು ನೀವು ಮಾಡಿಸಿಕೊಟ್ಟದ್ದು, ನಿಮ್ಮಲ್ಲಿಯೇ ಇರಲಿ" ಎಂದರು. ಅದರಲ್ಲಿ ಕೋಪವಿತ್ತೆ, ವಿಶ್ವಾಸವಿತ್ತೆ, ಎರಡೂ ಇದ್ದವೆ, ನಾನು ಬಗೆಹರಿಸಲಾರೆ. ಆ ಶುಕ್ರವಾರದ ಮಾತನ್ನು ನಾನು ಕೇಳಿದ್ದೆನೆಂದು ಅವರಿಗೆ ತಿಳಿಸಬೇಕೆಂದು ಎಷ್ಟೋ ಸಲ ಹೊರಟೆ. ಕಳೆದ ವರ್ಷದ ಯುಗಾದಿಯ ದಿನ ಹೇಳಿಯೇಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ವಾರ ಚೆನ್ನಾಗಿ ನಿದ್ದೆ ಬಂದಿತ್ತು ಶಾಸ್ತ್ರಿಗಳೆ" ಎಂದಷ್ಟೇ ಹೇಳಿ, ಬೇವುಬೆಲ್ಲದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ನಶ್ಯವನ್ನು ಅದೇ ೨೦೧೭ರಲ್ಲಿ ಬಿಟ್ಟೆ. ಕೊಂಬಿನ ಡಬ್ಬಿಯಲ್ಲಿ ಈಗ ಗುಂಡುಸೂಜಿಗಳಿವೆ. ಆಯುರ್ವೇದದ ಹುಡುಗರು ಈಗಲೂ ಒಬ್ಬಿಬ್ಬರು ಬಂದು ಪಾಠ ಹೇಳಿಸಿಕೊಳ್ಳುತ್ತಾರೆ. ಧೂಮನೇತ್ರದ ಶ್ಲೋಕ ಕೇಳಲು ಬಂದವರಿಗೆ ಮೊದಲು ಅಧ್ಯಾಯದ ಹೆಸರಿನ ಅರ್ಥ ಕೇಳುತ್ತೇನೆ. ಆಮೇಲೆ ಆರಂಭದಿಂದ ಓದಿಸುತ್ತೇನೆ. ಅವಸರದಲ್ಲಿರುವವರು ಬೇಸರಪಡುವುದುಂಟು. ಅಂಥವರಿಗೆ ಲೋಟದಿಂದ ಈ ಕೊಳವೆಯನ್ನು ತೆಗೆದು ಕೈಗೆ ಕೊಡುತ್ತೇನೆ. ಅವರು ಅದನ್ನು ತಿರುಗಿಸಿ ನೋಡುತ್ತಿರುವಾಗ ಪಾಠ ಮುಂದುವರಿಯುತ್ತದೆ.